ನಿದ್ದೆಗೆಟ್ಟ ಕೇರಿಗೆ ಒಂದು ಫೋನ್ ನಂಬರು

ನಮ್ಮವ್ವ ಹೊತ್ತು ಮುಳುಗೋ ಮುಂಚೆ ಒಲೆಗೆ ನೀರು ಹುಯ್ಯುತ್ತಾಳೆ. ಕೆಂಡ ಚುಂಯ್ ಅಂತ ಆರಿ, ಬೂದಿ ಎದ್ದು, ಮನೆಯೆಲ್ಲ ಹಸಿ ಹೊಗೆ ತುಂಬಿಕೊಳ್ಳುತ್ತದೆ. ಹದಿನೆಂಟು ವರ್ಷದಿಂದ ಇದೇ ಪಾಡು. ಸಾರು ಬಿಸಿ ಮಾಡಬೇಕು ಅಂದ್ರೂ ಬೇಡ. ಕೂಸು ಹಾಲಿಗೆ ಅತ್ತರೂ ಬೇಡ. ಗ್ಯಾಸ್ ಬಂದ ಮೇಲೂ ಅಷ್ಟೆ, ಹೊತ್ತು ಮುಳುಗಿದ ಮೇಲೆ ನಮ್ಮ ಮನೇಲಿ ಬೆಂಕಿಕಡ್ಡಿ ಗೀಚೋ ಹಾಗಿಲ್ಲ. ‘ಕತ್ಲಾದ್ಮೇಲೆ ಕೇರೀಲಿ ಬೆಂಕಿ ಕಾಣ್ಬಾರ್ದು ಕಣ್ ಮಗ’ ಅಂತಾಳೆ.

ಚಿಕ್ಕಪ್ಪ ಟ್ರಾಕ್ಟರಿನ ಸದ್ದು ಕೇಳಿದರೆ ಉಣ್ಣುವ ತಟ್ಟೆ ಬಿಟ್ಟು ಹಿತ್ತಲಿಗೆ ಓಡುತ್ತಾನೆ. ಓಡಿ ಬೇಲಿ ಮರೆಯಲ್ಲಿ ಕುಕ್ಕರಗಾಲಲ್ಲಿ ಕೂತು ನಡುಗುತ್ತಾನೆ. ಅದು ನಮ್ಮವರದೇ ಟ್ರಾಕ್ಟರಾಗಿರಬಹುದು, ಮರಳಿನದ್ದಾಗಿರಬಹುದು, ಮದುವೆ ದಿಬ್ಬಣದ್ದೂ ಆಗಿರಬಹುದು. ಅವನ ಮೈಗೆ ಎಲ್ಲಾ ಟ್ರಾಕ್ಟರೂ ಒಂದೇ.

2007ರಲ್ಲಿ ನಮ್ಮೂರ ಮಾರಿಹಬ್ಬದಲ್ಲಿ ಕೇರಿಯ ಹುಡುಗರು ತಮಟೆ ಬಡಿಯಲ್ಲ ಅಂದರು. ಅಷ್ಟೇ ಅಂದದ್ದು. ಮೂರನೇ ದಿನ ರಾತ್ರಿ ಟ್ರಾಕ್ಟರಿನಲ್ಲಿ ಬಂದರು. ಎರಡು ಗುಡಿಸಲು, ನಾಲ್ಕು ಹುಲ್ಲಿನ ಮೆದೆ ಉರಿದವು. ಚಿಕ್ಕಪ್ಪನನ್ನ ಟ್ರೇಲರಿಗೆ ಕಟ್ಟಿ ಹೊಡೆದರು. ಯಾರೂ ಸಾಯಲಿಲ್ಲ. ಸಾಯದೇ ಇದ್ದದ್ದಕ್ಕೆ ಪೇಪರಿನಲ್ಲಿ ನಾಲ್ಕು ಸಾಲು. ಆಸ್ಪತ್ರೆಯವರು ಕೊಟ್ಟ ಗಾಯದ ಸರ್ಟಿಫಿಕೇಟಿನಲ್ಲಿ ‘ಸಾದಾ ಸ್ವರೂಪದ ಗಾಯ’ ಅಂತ ಬರೆದಿತ್ತು. ಆಮೇಲೆ ರಾಜಿ ಆಯಿತು. ರಾಜಿ ಹೇಗೆ ಆಗುತ್ತದೆ ಅಂತ ಈ ಪತ್ರಿಕೆ ಓದುವವರಿಗೆ ನಾನು ಹೇಳಬೇಕಾಗಿಲ್ಲ.

ಆ ಸಾದಾ ಗಾಯ ಹದಿನೆಂಟು ವರ್ಷದಿಂದ ನಮ್ಮ ಮನೇಲಿ ಉಣ್ಣುತ್ತಾ ಇದೆ, ಕುಡಿಯುತ್ತಾ ಇದೆ, ರಾತ್ರಿ ಎದ್ದು ಕಿರುಚುತ್ತಾ ಇದೆ. ಊರವರು ‘ಗಾಳಿ ಸೋಕದೆ’ ಅಂದರು. ತಾಯತ ಕಟ್ಟಿಸಿದೆವು. ಒಂದು ಕುರಿ, ಮೂರು ಕೋಳಿ, ಮಂತ್ರವಾದಿಗೆ ಎರಡು ಸಾವಿರ ಆಯಿತು. ಗಾಳಿ ಬಿಡಲಿಲ್ಲ. ಆಮೇಲೆ ‘ಕುಡುಕ ನನ್ಮಗ’ ಅಂದರು, ಅದೇ ಹೆಸರು ನಿಂತಿತು. ಗೆಳೆಯರೆ, ನಾನು ಡಿಗ್ರಿ ಮುಗಿಸುವ ತನಕ ನಮ್ಮ ಚಿಕ್ಕಪ್ಪ ಕುಡುಕ ಅಂತಲೇ ನಂಬಿದ್ದೆ. ನಾಚಿಕೆಯಿಂದ ಬರೀತಿದ್ದೇನೆ.

ಇದಕ್ಕೆ ವೈದ್ಯರ ಪುಸ್ತಕದಲ್ಲಿ ಒಂದು ಹೆಸರಿದೆ. ಪಿ.ಟಿ.ಎಸ್.ಡಿ. ಕನ್ನಡದಲ್ಲಿ ‘ಆಘಾತದ ನಂತರದ ಒತ್ತಡದ ಕಾಯಿಲೆ’ ಅನ್ನುತ್ತಾರೆ. ಸಾವನ್ನು, ಭಾರಿ ಹಲ್ಲೆಯನ್ನು, ಅತ್ಯಾಚಾರವನ್ನು ಅನುಭವಿಸಿದವರಿಗೆ, ಕಣ್ಣಾರೆ ಕಂಡವರಿಗೆ ಬರಬಹುದಾದ್ದು. ಆದದ್ದು ಮತ್ತೆ ಮತ್ತೆ ನುಗ್ಗಿ ಬರುತ್ತದೆ, ಕನಸಲ್ಲಿ, ಹಗಲಲ್ಲಿ, ಒಂದು ವಾಸನೆಯಲ್ಲಿ, ಒಂದು ಸದ್ದಿನಲ್ಲಿ. ನೆನಪಾಗುತ್ತದೆ ಅಂದರೆ ಸಾಲದು, ಈಗಲೇ ಆಗುತ್ತಿದೆ ಅನ್ನಿಸುತ್ತದೆ. ಆದ್ದರಿಂದ ಆ ದಾರಿ, ಆ ಮಾತು, ಆ ಜನ ಎಲ್ಲವನ್ನೂ ತಪ್ಪಿಸಿಕೊಂಡು ತಿರುಗುವುದು. ನನ್ನದೇ ತಪ್ಪು ಅನ್ನುವ ಕೊರಗು, ಯಾರ ಮೇಲೂ ನಂಬಿಕೆ ಇಲ್ಲದ, ಯಾವುದರಲ್ಲೂ ರುಚಿ ಇಲ್ಲದ ಜಡತನ. ಸದಾ ಕಿವಿ ನೆಟ್ಟಗೆ, ಸಣ್ಣ ಸದ್ದಿಗೂ ಬೆಚ್ಚುವುದು, ನಿದ್ದೆ ಇಲ್ಲ, ಮೂಗಿನ ತುದೀಲಿ ಸಿಟ್ಟು. ಇವೆಲ್ಲ ಒಂದು ತಿಂಗಳು ದಾಟಿಯೂ ಬಿಡದೆ, ದುಡಿಮೆಯನ್ನೂ ಸಂಸಾರವನ್ನೂ ಕೆಡಿಸಿದರೆ ಅದು ಕಾಯಿಲೆ. ಮಿದುಳಿನ ಅಪಾಯದ ಗಂಟೆ ಹೊಡೆಯೋಕೆ ಶುರುವಾಗಿ ನಿಂತೇ ಇಲ್ಲ ಅಂತ ತಿಳಿಯಿರಿ. ಆ ರಾತ್ರಿ ‘ಹಿಂದೆ ಆದದ್ದು’ ಅಂತ ಒಳಗೆ ದಾಖಲಾಗಲೇ ಇಲ್ಲ.

ಇದು ಬಂದವರೆಲ್ಲ ಹೇಡಿಗಳಲ್ಲ, ಬರದವರೆಲ್ಲ ವೀರರೂ ಅಲ್ಲ. ಜಗತ್ತಿನಲ್ಲಿ ಸುಮಾರು 70% ಜನ ಬದುಕಿನಲ್ಲಿ ಒಮ್ಮೆಯಾದರೂ ಇಂಥ ಘಟನೆಗೆ ಸಿಕ್ಕುತ್ತಾರೆ, ಕಾಯಿಲೆ ಅಂಟುವುದು ಅವರಲ್ಲಿ 5.6% ಜನಕ್ಕೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಕೊಟ್ಟಿದೆ. ಯುದ್ಧ, ಹಿಂಸೆ, ಅತ್ಯಾಚಾರ ಕಂಡವರಲ್ಲಿ ಆ ಪಾಲು ಬಹಳ ಜಾಸ್ತಿ. ಮನುಷ್ಯ ಮನುಷ್ಯನಿಗೆ ಬೇಕಂತಲೇ ಮಾಡಿದ ಗಾಯ ಸಿಡಿಲು ಬಡಿದ ಗಾಯಕ್ಕಿಂತ ಆಳ. ಬಡವರ ದೇಶಗಳಲ್ಲಿ ಈ ಕಾಯಿಲೆಯವರಲ್ಲಿ ನಾಲ್ಕರಲ್ಲಿ ಒಬ್ಬ ಮಾತ್ರ ಚಿಕಿತ್ಸೆ ಕೇಳಿಕೊಂಡು ಹೋಗುತ್ತಾನಂತೆ. ನಮ್ಮ ಕೇರಿಯಲ್ಲಿ ಆ ಒಬ್ಬನೂ ಇಲ್ಲ.

ಹೋದ ವರ್ಷ ಒಂದು ಸಭೆಯಲ್ಲಿ ಈ ಮಾತೆತ್ತಿದೆ. ಹಿರಿಯ ಸಂಗಾತಿಯೊಬ್ಬರು, ನನಗೆ ಅಕ್ಷರದ ಜೊತೆ ಸಿಟ್ಟನ್ನೂ ಕಲಿಸಿದವರು, ನಕ್ಕುಬಿಟ್ಟರು. ‘ಇವೆಲ್ಲಾ ಪ್ಯಾಟೆ ಹೊಟ್ಟೆತುಂಬಿದೋರ ಕಾಯ್ಲೆ ಕಣಯ್ಯ. ನಮ್ಮೋರಿಗೆ ಭೂಮಿ ಬೇಕು, ಕೂಲಿ ಬೇಕು. ಮನಸ್ಸು ಗಿನಸ್ಸು ಆಮೇಲೆ.’ ಈ ಲೇಖನ ಅವರಿಗೆ ಉತ್ತರ. ಅವರ ಮೇಲೆ ನನಗೆ ಗೌರವ ಇದೆ, ಆದರೆ ಅವರು ಹೇಳಿದ್ದು ತಪ್ಪು.

ಈ ಕಾಯಿಲೆಗೆ ಹೆಸರು ಬಂದದ್ದಾದರೂ ಹೇಗೆ? ಯಾವ ಪ್ರೊಫೆಸರನೂ ಕುರ್ಚಿಯಲ್ಲಿ ಕೂತು ಕೊಟ್ಟದ್ದಲ್ಲ. ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದ ಅಮೆರಿಕದ ಸೈನಿಕರು, ಆ ಯುದ್ಧದ ವಿರುದ್ಧವೇ ಸಂಘಟನೆ ಕಟ್ಟಿಕೊಂಡವರು, 1970ರಲ್ಲಿ ನ್ಯೂಯಾರ್ಕಿನಲ್ಲಿ ಸುತ್ತ ಕೂತು ತಮಗೆ ಏನಾಗುತ್ತಿದೆ ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳೋಕೆ ಶುರು ಮಾಡಿದರು. ಚೈಮ್ ಶಾತಾನ್, ರಾಬರ್ಟ್ ಜೇ ಲಿಫ್ಟನ್ ಎಂಬ ಮನೋವೈದ್ಯರು ಅವರ ಜೊತೆ ಕೂತು ಕೇಳಿಸಿಕೊಂಡರು. ಅತ್ತ ಹೆಣ್ಣುಮಕ್ಕಳ ಚಳವಳಿ ಅತ್ಯಾಚಾರಕ್ಕೆ ಒಳಗಾದವರ ನರಳಿಕೆಯನ್ನು ಮಾತಿಗೆ ತಂದಿತು. 1974ರಲ್ಲಿ ಆನ್ ಬರ್ಜೆಸ್, ಲಿಂಡಾ ಹೋಮ್‌ಸ್ಟ್ರಾಮ್ ಅದನ್ನು ಬರೆದಿಟ್ಟರು. ಹೀಗೆ ಕೂಗಿ ಕೂಗಿ, ಗುದ್ದಾಡಿ, 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಗೆ ಈ ಹೆಸರು ಸೇರಿತು. ಅಂದರೆ ಈ ಕಾಯಿಲೆಯ ಹೆಸರೇ ಒಂದು ಬಂಡಾಯದ ಫಲ. ಹೊಟ್ಟೆತುಂಬಿದವರ ದಾನ ಅಲ್ಲ.

ಅಲ್ಲೂ ಒಂದು ಮೋಸ ಇದೆ, ಅದನ್ನೂ ಹೇಳಿಬಿಡಬೇಕು. 1968ರ ಮಾರ್ಚ್ 16ರಂದು ಮೈ ಲಾಯ್ ಎಂಬ ಹಳ್ಳಿಯಲ್ಲಿ ಅಮೆರಿಕದ ಸೈನಿಕರು ಹೆಂಗಸರು ಮಕ್ಕಳು ಅನ್ನದೆ ಕೊಂದರು. ಗುಂಡು ಹೊಡೆದವನ ಸಂಕಟಕ್ಕೆ ಹೆಸರು, ಆಸ್ಪತ್ರೆ, ಪಿಂಚಣಿ ಬಂತು. ಅಮ್ಮನ ಹೆಣದ ಕೆಳಗೆ ಉಸಿರು ಬಿಗಿಹಿಡಿದು ಉಳಿದುಕೊಂಡ ಕೂಸಿಗೆ? ಹೆಸರಿಡುವ ಪುಸ್ತಕ ಯಾರ ಕೈಯಲ್ಲಿದೆಯೋ ಅವರ ನೋವು ಮೊದಲು ಬರೆಯಲ್ಪಡುತ್ತದೆ. ಹಾಗಂತ ಪುಸ್ತಕವನ್ನೇ ಒದ್ದುಬಿಡೋಣವೇ? ಅಕ್ಷರವೂ ಒಂದು ಕಾಲಕ್ಕೆ ಅವರ ಕೈಯಲ್ಲೇ ಇತ್ತು. ಅದನ್ನು ಬಾಬಾಸಾಹೇಬರು ಒದೆಯಲಿಲ್ಲ, ಕಿತ್ತುಕೊಂಡರು.

ಇನ್ನು ಆ ಹೆಸರಿನ ಒಳಗೇ ಕೂತಿರುವ ‘ನಂತರ’ ಅನ್ನುವ ಪದ. ಯಾವುದರ ನಂತರ ಸ್ವಾಮಿ? ಸೈನಿಕನಿಗೆ ಯುದ್ಧ ಮುಗಿಯಿತು, ವಿಮಾನ ಹತ್ತಿ ಮನೆಗೆ ಬಂದ. ಅವನಿಗೆ ‘ನಂತರ’ ಇದೆ. ನಮ್ಮ ಚಿಕ್ಕಪ್ಪನನ್ನ ಟ್ರೇಲರಿಗೆ ಕಟ್ಟಿದವನು ಈಗಲೂ ಊರ ಬಾಗಿಲಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡು ಕೂತಿದ್ದಾನೆ. ಕೂಲಿಗೆ ಹೋಗಬೇಕಾದರೆ ಅವನ ಮುಂದೆಯೇ ಹಾಯಬೇಕು. ಅವನ ಮಗ ಪಂಚಾಯ್ತಿ ಮೆಂಬರು. ಇಲ್ಲಿ ‘ನಂತರ’ ಎಲ್ಲಿದೆ?

ಇದನ್ನು ಮೊದಲು ಕೇಳಿದವನು ನಾನಲ್ಲ. 1980ರ ದಶಕದಲ್ಲಿ ದಕ್ಷಿಣ ಆಫ್ರಿಕದಲ್ಲಿ, ವರ್ಣಭೇದದ ಸರ್ಕಾರ ಕರಿಯರ ಕೇರಿಗಳಿಗೆ ಪೊಲೀಸು ನುಗ್ಗಿಸುತ್ತಿದ್ದ ಕಾಲದಲ್ಲಿ, ಗಿಲ್ ಸ್ಟ್ರೇಕರ್ ಮತ್ತು ಸಂಗಡಿಗರು ಚಳವಳಿಯ ಹುಡುಗರಿಗೆ ಮನಸ್ಸಿನ ಚಿಕಿತ್ಸೆ ಕೊಡುತ್ತಿದ್ದರು. ಈ ಹುಡುಗರಿಗೆ ‘ನಂತರ’ ಅನ್ನುವುದೇ ಇಲ್ಲ, ಇಲ್ಲಿಂದ ಹೊರಗೆ ಕಾಲಿಟ್ಟರೆ ಮತ್ತೆ ಅದೇ ಬೂಟು, ಅದೇ ಲಾಠಿ ಅಂತ ಅವರಿಗೆ ಗೊತ್ತಾಯಿತು. 1987ರಲ್ಲಿ ಅವರು ಅದಕ್ಕೆ ‘ನಿರಂತರ ಆಘಾತದ ಒತ್ತಡ’ ಅಂತ ಬೇರೆ ಹೆಸರು ಕೊಟ್ಟು ಬರೆದರು. ಹುಡುಗ ನಾಳೆ ಬರುತ್ತಾನೋ, ಜೈಲಲ್ಲಿರುತ್ತಾನೋ ಗೊತ್ತಿಲ್ಲದ್ದರಿಂದ ಒಂದೇ ಭೇಟಿಯಲ್ಲಿ ಎಷ್ಟಾಗುತ್ತೋ ಅಷ್ಟು ಮಾಡುವ ಕ್ರಮ ಕಂಡುಕೊಂಡರು. ವರ್ಣಭೇದ ಮುಗಿಯಲಿ, ಆಮೇಲೆ ನಿನ್ನ ನಿದ್ದೆ ವಿಚಾರ ನೋಡೋಣ ಅಂತ ಅವರು ಹೇಳಲಿಲ್ಲ. ನನ್ನ ಹಿರಿಯ ಸಂಗಾತಿ ಗಮನಿಸಬೇಕು.

ಭೂಮಿ ಬೇಕು, ಸರಿ. ಹದಿನೆಂಟು ವರ್ಷದಿಂದ ಟ್ರಾಕ್ಟರ್ ಸದ್ದಿಗೆ ನಡುಗುವವನು ಆ ಭೂಮಿಯನ್ನು ಉಳುವುದು ಹೇಗೆ? ಕೂಲಿ ಕೇಳಬೇಕು, ಸರಿ. ಧಣಿಯ ಅಂಗಡಿ ಮುಂದೆ ಹಾಯಲಾರದವನು ಅವನ ಮುಂದೆ ನಿಂತು ಕೇಳುವುದು ಹೇಗೆ? ಕೇಸು ನಡೆಸಬೇಕು, ಸಾಕ್ಷಿ ಹೇಳಬೇಕು. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಆಘಾತದ ನೆನಪು ಬೇರೆ ನೆನಪಿನ ಥರ ಇರುವುದಿಲ್ಲ. ವಾಸನೆ ಉಳಿಯುತ್ತದೆ, ಸದ್ದು ಉಳಿಯುತ್ತದೆ, ಒಂದು ಚಪ್ಪಲಿಯ ಬಣ್ಣ ಉಳಿಯುತ್ತದೆ. ಎಷ್ಟು ಗಂಟೆ, ಯಾರು ಮೊದಲು ಬಂದರು, ಆಮೇಲೆ ಯಾರು ಅನ್ನುವ ಸಾಲು ಅನೇಕರಿಗೆ ಚೂರು ಚೂರಾಗಿ ಹೋಗಿರುತ್ತದೆ. ಕೋರ್ಟು ಕೇಳುವುದು ಆ ಸಾಲನ್ನೇ. ‘ಕೋಲು ಬಲಗೈಲಿತ್ತೋ ಎಡಗೈಲಿತ್ತೋ?’ ‘ಪೊಲೀಸರ ಮುಂದೆ ಒಂಬತ್ತು ಗಂಟೆ ಅಂದಿದ್ದೀ, ಈಗ ಹತ್ತು ಅಂತೀಯ?’ ನಮ್ಮವ್ವನನ್ನ ಕಟಕಟೆಯಲ್ಲಿ ನಿಲ್ಲಿಸಿದರೆ ಸೀಮೆಎಣ್ಣೆ ವಾಸನೆ ಬಿಟ್ಟು ಬೇರೇನೂ ಹೇಳಲಾರಳು. ಕಾಯಿಲೆಯ ಲಕ್ಷಣವನ್ನೇ ಹಿಡಿದು ಸುಳ್ಳುಗಾತಿ ಅನ್ನಿಸುವುದು ವಕೀಲನಿಗೆ ಕಷ್ಟವಲ್ಲ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳು ತಿರುಗಿದ್ದಕ್ಕೆ ಮನೋವೈದ್ಯರ ಪುಸ್ತಕ ಹುಡುಕಬೇಕಾಗಿಲ್ಲ, ಭಯ ಸಾಕು. ಆದರೆ ಆರು ವರ್ಷ, ಹದಿನಾಲ್ಕು ವರ್ಷ ಆ ಬೆಂಕಿಯನ್ನು ಮೈಯೊಳಗೆ ಇಟ್ಟುಕೊಂಡು ಕೋರ್ಟಿಗೆ ಅಲೆಯುವವರ ಮನಸ್ಸಿಗೆ ಏನು ಸಿಕ್ಕಿತು ಅಂತ ನಮ್ಮ ಕರಪತ್ರಗಳಲ್ಲೂ ಯಾರೂ ಕೇಳಲಿಲ್ಲ. ನಾವು ಸತ್ತ ಏಳು ಜನರನ್ನ ಎಣಿಸಿದೆವು. ಉಳಿದವರನ್ನ ಎಣಿಸಲಿಲ್ಲ.

ನಾನು ಪದ್ಯ ಬರೆಯುವವನು. ಬೆಂಕಿ ಅನ್ನುವ ಪದ ನಮ್ಮ ಪದ್ಯಗಳಲ್ಲಿ ಎಷ್ಟು ಸಲ ಬರುತ್ತದೆ, ನೀವೇ ನೋಡಿ! ನಾನೂ ಹಚ್ಚಿದ್ದೇನೆ ಬೇಕಾದಷ್ಟು. ಆ ಪದ್ಯಗಳಲ್ಲಿ ಒಂದನ್ನೂ ನಮ್ಮವ್ವನ ಮುಂದೆ ಓದಲು ನನಗೆ ಆಗಿಲ್ಲ.

ಹಾಗಾದರೆ ಚಿಕಿತ್ಸೆ ಇದೆಯೇ? ಇದೆ. ಇದೆ ಅನ್ನುವುದನ್ನೇ ನಮ್ಮಿಂದ ಮುಚ್ಚಿಟ್ಟಿದ್ದಾರೆ, ಅದಕ್ಕೇ ನನ್ನ ಸಿಟ್ಟು.

ಮುಖ್ಯವಾದದ್ದು ಮಾತಿನ ಚಿಕಿತ್ಸೆ. ಸುಮ್ಮನೆ ಸಮಾಧಾನದ ಮಾತಲ್ಲ. ತರಬೇತಾದ ಚಿಕಿತ್ಸಕರು ವಾರಕ್ಕೊಮ್ಮೆ, ಸಾಮಾನ್ಯವಾಗಿ 8ರಿಂದ 12 ಸಲ, ಆ ಘಟನೆಯ ಒಳಕ್ಕೇ ಕೈ ಹಿಡಿದು ಕರೆದುಕೊಂಡು ಹೋಗಿ ಹೊರಕ್ಕೆ ಕರೆತರುತ್ತಾರೆ. ಹೇಳಿಸುತ್ತಾರೆ, ಮತ್ತೆ ಹೇಳಿಸುತ್ತಾರೆ. ‘ನನ್ನಿಂದಲೇ ಆಯ್ತು’ ಅನ್ನುವ ಕೊರಗನ್ನು ಬಿಚ್ಚಿ ನೋಡಿಸುತ್ತಾರೆ. ತಪ್ಪಿಸಿಕೊಂಡು ತಿರುಗುವ ದಾರಿಗಳಲ್ಲಿ ಅಪಾಯವಿಲ್ಲದವನ್ನು ಆರಿಸಿ ಒಂದೊಂದಾಗಿ ನಡೆಸುತ್ತಾರೆ. ಕಣ್ಣನ್ನು ಆಚೀಚೆ ಆಡಿಸುತ್ತಾ ನೆನಪನ್ನು ಎದುರಿಸುವ ಇ.ಎಂ.ಡಿ.ಆರ್. ಎಂಬ ಕ್ರಮವೂ ಇದೆ. ಔಷಧವೂ ಇದೆ, ಸರ್ಟ್ರಲೀನ್, ಪ್ಯಾರೊಕ್ಸೆಟೀನ್ ಥರದವು. ಕೆಲಸ ತೋರಿಸಲು ಕೆಲವು ವಾರ ಬೇಕು, ವೈದ್ಯರು ಹೇಳದೆ ನಡುವೆ ಬಿಡಬಾರದು. ಆದರೆ ಪೇಟೆಯ ಬಹಳ ಶಾಪುಗಳಲ್ಲಿ ಬರೆದುಕೊಡುವುದು ಬರೀ ನಿದ್ದೆ ಗುಳಿಗೆ. ಅಲ್ಪ್ರಜೋಲಾಮ್, ಕ್ಲೋನಜೆಪಾಮ್ ಜಾತಿಯವು. ಅವು ಈ ಕಾಯಿಲೆಯ ಮದ್ದಲ್ಲ. ದಿನಗಟ್ಟಲೆ ನುಂಗಿದರೆ ಅವೇ ಇನ್ನೊಂದು ಚಟ. ಹೆಂಡವೂ ಅದೇ ಕೆಲಸ ಮಾಡುತ್ತದೆ. ಚಿಕ್ಕಪ್ಪ ಹದಿನೆಂಟು ವರ್ಷದಿಂದ ತನಗೆ ತಾನೇ ಬರೆದುಕೊಂಡ ಔಷಧ ಅದು.

ನನ್ನ ವಿಚಾರಕ್ಕೆ ಬರುತ್ತೇನೆ. ಬೆಂಕಿ ಹಚ್ಚಿದ ರಾತ್ರಿ ನನಗೆ ಒಂಬತ್ತು ವರ್ಷ. ಹಾಸ್ಟೆಲಿನಲ್ಲಿದ್ದಾಗ ದೀಪಾವಳಿ ಪಟಾಕಿ ಸದ್ದಿಗೆ ಮಂಚದ ಕೆಳಗೆ ತೂರಿಕೊಂಡೆ, ಬೆಳಿಗ್ಗೆ ತನಕ ಹೊರಗೆ ಬರಲಿಲ್ಲ. ಗೆಳೆಯರು ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಆತ ಊರು ಕೇಳಿದ, ತಂದೆ ಏನು ಮಾಡ್ತಾರೆ ಕೇಳಿದ, ಆಮೇಲೆ ಸುತ್ತಿ ಬಳಸಿ ಜಾತಿಗೆ ಬಂದ. ನಾನು ಆ ರಾತ್ರಿಯ ಕತೆ ಹೇಳತೊಡಗಿದೆ. ‘ನಿಮ್ಮ ಕಡೆಯವರಿಗೆ ಇವೆಲ್ಲ ಅಭ್ಯಾಸ ಇರುತ್ತಲ್ಲಪ್ಪಾ’ ಅಂದ. ಎರಡು ನಿಮಿಷ. ನಿದ್ದೆ ಗುಳಿಗೆ ಬರೆದ.

ಅಭ್ಯಾಸ! ಸುಟ್ಟುಕೊಳ್ಳುವುದು ಅಭ್ಯಾಸ, ಒದೆ ಅಭ್ಯಾಸ, ಮಲ ಹೊರುವುದು ಅಭ್ಯಾಸ. ಎರಡು ಸಾವಿರ ವರ್ಷದಿಂದ ಇವರ ವೈದ್ಯ, ವೇದಾಂತ ಎಲ್ಲಾ ನಮ್ಮ ಬಗ್ಗೆ ಹೇಳುತ್ತಾ ಬಂದಿರುವುದು ಇದೊಂದೇ ಮಾತು. ವಿಜ್ಞಾನ ಹೇಳುವುದು ಇದಕ್ಕೆ ಉಲ್ಟಾ. ಮತ್ತೆ ಮತ್ತೆ ಬಿದ್ದ ಏಟು ಮನಸ್ಸನ್ನು ಗಟ್ಟಿ ಮಾಡಲ್ಲ, ಗಾಯ ಇನ್ನೂ ಆಳಕ್ಕೆ ಇಳಿಯುತ್ತದೆ.

ಆ ಡಾಕ್ಟರನ ಎದುರಿಗೆ ಮತ್ತೆ ಹೋಗಿ ಕೂರುವ ಧೈರ್ಯ ನನಗಿರಲಿಲ್ಲ. ಫೋನು ಹಿಡಿದದ್ದು ಹಾಗೆ. 14416. ಟೆಲಿ ಮಾನಸ್ ಅಂತ, 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಶುರು ಮಾಡಿದ ನಂಬರು. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ದುಡ್ಡಿಲ್ಲ, ದಿನದ ಇಪ್ಪತ್ತನಾಲ್ಕು ಗಂಟೆ, ಕನ್ನಡದಲ್ಲಿ ಮಾತಾಡಬಹುದು. ಮೊದಲು ತರಬೇತಾದ ಸಲಹೆಗಾರರು ಸಿಗುತ್ತಾರೆ, ಬೇಕಾದರೆ ಮನೋವೈದ್ಯರಿಗೆ, ಜಿಲ್ಲೆಯ ಆಸ್ಪತ್ರೆಗೆ ದಾಟಿಸುತ್ತಾರೆ. 2024ರ ಅಕ್ಟೋಬರಿನಲ್ಲಿ ವೀಡಿಯೋದಲ್ಲಿ ನೋಡುವ ಏರ್ಪಾಡನ್ನೂ ಸೇರಿಸಿದರು. ನನಗೆ ಸಿಕ್ಕ ಹೆಣ್ಣುಮಗಳು ಜಾತಿ ಕೇಳಲಿಲ್ಲ. ‘ಆವತ್ತು ರಾತ್ರಿ ಆದಮೇಲೆ ನಿದ್ದೆ ಹೇಗಿದೆ?’ ಅಂತ ಕೇಳಿದಳು. ಹದಿನೈದು ವರ್ಷದಲ್ಲಿ ಅದನ್ನು ನನಗೆ ಯಾರೂ ಕೇಳಿರಲಿಲ್ಲ.

ಆ ಫೋನು ಬಾಗಿಲು ಮಾತ್ರ, ಮನೆಯಲ್ಲ. ಒಂದು ಕರೆಯಲ್ಲಿ ಈ ಕಾಯಿಲೆ ವಾಸಿಯಾಗಲ್ಲ. ಅಲ್ಲಿಂದ ಮುಂದಕ್ಕೆ ಒಬ್ಬ ಚಿಕಿತ್ಸಕರು ಸಿಕ್ಕಿ, ವೀಡಿಯೋದಲ್ಲೇ ಹನ್ನೊಂದು ವಾರ ನಡೆಯಿತು. ಆ ರಾತ್ರಿಯನ್ನು ನನ್ನ ಬಾಯಲ್ಲೇ ಹೇಳಿಸಿ ಫೋನಿನಲ್ಲಿ ಮುದ್ರಿಸಿ, ದಿನಾ ಒಂದು ಸಲ ಕೇಳು ಅಂದರು. ಮೊದಲ ವಾರ ವಾಂತಿ ಮಾಡಿಕೊಂಡೆ. ಕತ್ತಲಲ್ಲಿ ಒಂದು ಬೆಂಕಿಕಡ್ಡಿ ಗೀಚಿ ಆರುವ ತನಕ ನೋಡು ಅಂದರು. ಆಮೇಲೆ ಮೇಣದಬತ್ತಿ. ಆಮೇಲೆ ಒಲೆ. ವಾಸಿಯಾದೆ ಅಂತ ಹೇಳಲ್ಲ. ಹೋದ ದೀಪಾವಳಿಗೆ ಮಂಚದ ಮೇಲೆಯೇ ಮಲಗಿದ್ದೆ.

ಪರದೆಯ ಮೇಲಿನ ಚಿಕಿತ್ಸೆ ನಿಜವಾದ ಚಿಕಿತ್ಸೆಯೇ ಅಂತ ಅನುಮಾನ ಪಡುವವರಿಗೆ ಒಂದು ಮಾತು. ಬ್ರಿಟನ್ನಿನಲ್ಲಿ 196 ಜನರನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಎದುರು ಕೂತು ಚಿಕಿತ್ಸೆ, ಇನ್ನೊಂದು ಪಾಲಿಗೆ ಚಿಕಿತ್ಸಕರ ಕೈಹಿಡಿತದೊಂದಿಗೆ ಇಂಟರ್ನೆಟ್ಟಿನ ಮೂಲಕ ಕೊಟ್ಟು ನೋಡಿದರು. 2022ರಲ್ಲಿ ಫಲಿತಾಂಶ ಬಂತು. ಇಂಟರ್ನೆಟ್ಟಿನದ್ದು ಕಡಿಮೆ ಬೀಳಲಿಲ್ಲ. ಆದರೆ ಸಣ್ಣಕ್ಷರ ಓದಿ. ಅವರು ಆರಿಸಿಕೊಂಡದ್ದು ಒಂದೇ ಘಟನೆಯಿಂದ, ಹೆಚ್ಚು ತೀವ್ರವಲ್ಲದ ಕಾಯಿಲೆಯಾದವರನ್ನು. ಒಂದೇ ಘಟನೆ! ನಮ್ಮ ಕೇರಿಯಲ್ಲಿ ಅಂಥವನು ಒಬ್ಬನನ್ನು ಹುಡುಕಿ ಕೊಡಿ ನೋಡೋಣ. ಅದಕ್ಕೇ ಹೇಳುತ್ತೇನೆ, ಫೋನು ಎಲ್ಲರಿಗೂ ಎಲ್ಲಕ್ಕೂ ಸಾಲದು. ಸಾಯಬೇಕು ಅನ್ನಿಸುತ್ತಿರುವವರು, ಕುಡಿತ ಕೈಮೀರಿದವರು, ಹೊಡೆಯುವವನ ಜೊತೆಯಲ್ಲೇ ಬದುಕುತ್ತಿರುವ ಹೆಂಗಸರು, ಇವರ ಪಕ್ಕ ಒಬ್ಬ ಜೀವಂತ ಮನುಷ್ಯ ಬೇಕು, ಆಸ್ಪತ್ರೆ ಬೇಕು. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರಬೇಕು ಅಂತ 2014ರಲ್ಲೇ ನಮ್ಮ ರಾಜ್ಯದಲ್ಲಿ ‘ಮನೋಚೈತನ್ಯ’ ಅಂತ ಒಂದು ಕಾರ್ಯಕ್ರಮ ಮಾಡಿದ್ದಾರೆ. ನಿಮ್ಮ ತಾಲ್ಲೂಕಿನಲ್ಲಿ ಬರುತ್ತಾರಾ ಅಂತ ಹೋಗಿ ನೋಡಿ. ಬರದಿದ್ದರೆ ಆಸ್ಪತ್ರೆ ಮುಂದೆ ಕೂರಿ. ಧರಣಿ ಹೂಡೋಕೆ ನಮಗೆ ಯಾರೂ ಕಲಿಸಬೇಕಾಗಿಲ್ಲ.

ಇನ್ನು ಪೇಟೆಯ ಕಂಪನಿಗಳ ಆ್ಯಪುಗಳು. ನಗುವ ಮುಖದ ಚಿತ್ರ, ಇಂಗ್ಲಿಷು, ಗಂಟೆಗೆ ಸಾವಿರ, ಸಾವಿರದೈನೂರು. 2025-26ರಲ್ಲಿ ಕರ್ನಾಟಕದಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ನಾಲ್ಕು ದಿನ ಮಣ್ಣು ಹೊತ್ತು ಒಂದು ಗಂಟೆ ಅಳಬೇಕು. ಅದರ ಬಗ್ಗೆ ಇಷ್ಟು ಸಾಕು.

ಸರ್ಕಾರದ ಫೋನಿಗೂ ದುಡ್ಡಿಗಿಂತ ದೊಡ್ಡ ಅಡ್ಡಿ ಒಂದಿದೆ. ಪಟ್ಟಣದಲ್ಲಿ ಕೂತವರಿಗೆ ಅದು ಹೊಳೆಯುವುದೇ ಇಲ್ಲ. ‘ಏಕಾಂತವಿರುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಾತಾಡಿ’ ಅನ್ನುತ್ತಾರೆ. ಯಾವ ಕೋಣೆ? ನಮ್ಮ ಮನೆ ಹತ್ತಡಿಗೆ ಹನ್ನೆರಡಡಿ. ಅದರಲ್ಲಿ ಆರು ಜನ, ಒಂದು ಮೇಕೆ. ಗೋಡೆ ಆಚೆ ದೊಡ್ಡವ್ವನ ಮನೆ, ಕೆಮ್ಮಿದರೂ ಕೇಳುತ್ತದೆ. ಬಾಗಿಲು ಅಂದರೆ ತಗಡು. ಸಿಗ್ನಲ್ಲು ಸಿಗುವುದು ಕೆರೆ ಏರಿ ಮೇಲೆ, ಏರಿ ಮೇಲೆ ಊರವರು ವಾಕಿಂಗ್ ಬರುತ್ತಾರೆ. ಹೆಂಗಸರ ಕೈಗೆ ಫೋನೇ ಸಿಗದು. ಸಿಕ್ಕರೆ ‘ಯಾರ್ ಜೊತೆ ಪಿಸಪಿಸ ಮಾತು?’ ಅಂತ ಗಂಡನ ಪಾಳಿ. ಒಂಟಿಯಾಗಿ ಅಳುವುದಕ್ಕೆ ಒಂದು ಬಾಗಿಲು ಬೇಕು, ಗೆಳೆಯರೆ. ಅದೂ ಆಸ್ತಿಯೇ. ಅದನ್ನೂ ಹಂಚಿಕೊಂಡಿಲ್ಲ ಈ ದೇಶ.

ಎಷ್ಟೋ ಊರುಗಳಲ್ಲಿ ಅಂಬೇಡ್ಕರ್ ಭವನ ಕಟ್ಟಿದ್ದಾರೆ. ಬಹಳ ಕಡೆ ಬೀಗ, ಬೀಗದಕೈ ಪಂಚಾಯ್ತಿಯವರ ಹತ್ತಿರ, ಒಳಗೆ ಮುರಿದ ಕುರ್ಚಿ. ಅದರಲ್ಲಿ ಒಂದು ಕೋಣೆ ಬಿಡಿಸಿ. ಒಂದು ಬಾಗಿಲು, ಒಂದು ಚಿಲಕ, ಒಂದು ಫೋನು, ಒಂದು ನೆಟ್ಟು. ವಾರದಲ್ಲಿ ಒಂದು ಹೊತ್ತು ಹೆಂಗಸರಿಗೇ ಅಂತ. ಇದನ್ನು ನಮ್ಮ ಬೇಡಿಕೆ ಪಟ್ಟಿಯಲ್ಲಿ ಸೇರಿಸಬೇಕು ಅಂತ ನಾನು ಹಟ ಹಿಡಿಯುತ್ತೇನೆ. ಜೊತೆಗೆ ನಮ್ಮ ಹುಡುಗ ಹುಡುಗಿಯರು ಮನಶ್ಶಾಸ್ತ್ರ ಓದಬೇಕು. ಎಲ್ಲರೂ ಬಿ.ಎಡ್., ಎಲ್ಲರೂ ಪಿ.ಎಸ್.ಐ. ಪರೀಕ್ಷೆ ಅಂದರೆ ಆ ಕುರ್ಚಿಯಲ್ಲಿ ‘ಅಭ್ಯಾಸ ಇರುತ್ತಲ್ಲಪ್ಪಾ’ ಅನ್ನುವವನೇ ಕೂತಿರುತ್ತಾನೆ.

ಕಾನೂನು ನಮ್ಮ ಪರ ಇದೆ, ಪುಸ್ತಕದಲ್ಲಾದರೂ. 2016ರ ಜನವರಿ 26ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ದೌರ್ಜನ್ಯ ತಡೆ ಕಾಯ್ದೆ ‘ಸಂತ್ರಸ್ತ’ ಯಾರು ಅಂತ ಬಿಡಿಸಿ ಹೇಳಿದೆ. ಮೈಗಾದ ಹಾನಿಯ ಜೊತೆಗೆ ಮಾನಸಿಕ, ಭಾವನಾತ್ಮಕ ಹಾನಿಯನ್ನೂ ಹೆಸರು ಹಿಡಿದು ಹೇಳಿದೆ. ನೊಂದವನ ಬಂಧುಗಳನ್ನೂ ಸೇರಿಸಿದೆ. ಅದೇ ಕಾಯ್ದೆಯ 15ಎ ಕಲಮು ಸಂತ್ರಸ್ತರಿಗೆ, ಸಾಕ್ಷಿಗಳಿಗೆ ರಕ್ಷಣೆ, ಓಡಾಟದ ಖರ್ಚು, ಪುನರ್ವಸತಿ ಕೊಡಬೇಕು ಅನ್ನುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಜಾತಿಯ ಭೇದವಿಲ್ಲದೆ ಚಿಕಿತ್ಸೆ ಪಡೆಯುವುದು ಹಕ್ಕು ಅಂತ ಬರೆದಿದೆ. ಹಕ್ಕು, ಭಿಕ್ಷೆಯಲ್ಲ. ಹಾಗಿದ್ದ ಮೇಲೆ ದೌರ್ಜನ್ಯ ನಡೆದ ಊರಿಗೆ ತಹಸೀಲ್ದಾರ ಅಕ್ಕಿ ಮೂಟೆ, ಚೆಕ್ಕು ಹಿಡಿದುಕೊಂಡು ಬಂದಾಗ ನಾವು ಕೇಳಬೇಕು: ಮನೋವೈದ್ಯ ಎಲ್ಲಿ? ಗಾಯದ ಸರ್ಟಿಫಿಕೇಟಿನ ಜೊತೆ ಮನಸ್ಸಿನ ಗಾಯದ ಸರ್ಟಿಫಿಕೇಟು ಎಲ್ಲಿ? ಒಂದು ತಿಂಗಳಾದ ಮೇಲೆ, ಆರು ತಿಂಗಳಾದ ಮೇಲೆ ಮತ್ತೆ ಬಂದು ನೋಡುವವರು ಯಾರು? ನಮ್ಮ ಸತ್ಯಶೋಧನಾ ತಂಡಗಳು ಸುಟ್ಟ ಮನೆ ಎಣಿಸುವಾಗ ನಿದ್ದೆ ಹೋದವರನ್ನೂ ಎಣಿಸಲಿ. ಒಂದು ಎಚ್ಚರಿಕೆ ಮಾತ್ರ ಇಟ್ಟುಕೊಳ್ಳಿ. ಘಟನೆಯಾದ ಮಾರನೇ ದಿನವೇ ಮೈಕು ಹಿಡಿದು ‘ಏನಾಯ್ತು ಹೇಳಿ, ಎಲ್ಲಾ ಹೇಳಿ’ ಅಂತ ಬಲವಂತವಾಗಿ ಹೇಳಿಸಬಾರದು. ಅದರಿಂದ ಒಳ್ಳೆಯದಾಗುವುದಿಲ್ಲ ಅಂತ ಗೊತ್ತಾಗಿದೆ. ಮೊದಲ ದಿನಗಳಲ್ಲಿ ಬೇಕಾದ್ದು ಅನ್ನ, ಸೂರು, ಕಾವಲು, ಪಕ್ಕದಲ್ಲಿ ಕೂರುವವರು.

ಹಳ್ಳಿಯ ಮೇಷ್ಟರುಗಳೇ, ಈ ಪತ್ರಿಕೆ ಹೆಚ್ಚಾಗಿ ನಿಮ್ಮ ಕೈಗೇ ಬರುತ್ತದೆ. ಕ್ಲಾಸಿನಲ್ಲಿ ಸದಾ ಕಿಟಕಿ ಕಡೆ ನೋಡುವ, ಬಾಗಿಲು ಬಡಿದರೆ ಬೆಚ್ಚಿ ಬೀಳುವ, ಹತ್ತು ವರ್ಷಕ್ಕೂ ಹಾಸಿಗೆ ಒದ್ದೆ ಮಾಡಿಕೊಳ್ಳುವ ನಮ್ಮ ಕೇರಿ ಕೂಸನ್ನ ದಡ್ಡ ಅಂತ ಬೆಂಚಿನ ಮೇಲೆ ನಿಲ್ಲಿಸಬೇಡಿ. ಅದರ ಮನೆಯಲ್ಲಿ ಏನು ಉರಿಯಿತು ಕೇಳಿ. ನಿಮ್ಮ ಹತ್ತಿರ ಶಾಲೆಯ ಬೀಗದಕೈ ಇದೆ.

ನಮ್ಮೂರಿನಲ್ಲಿ ಅಂಥ ಒಬ್ಬ ಮೇಷ್ಟರು ಇದ್ದಾರೆ. ಭಾನುವಾರ ಸ್ಟಾಫ್ ರೂಮಿನ ಬಾಗಿಲು ತೆಗೆದುಕೊಟ್ಟು ತಾವು ಹೊರಗೆ ಬೇವಿನ ಮರದ ಕೆಳಗೆ ಪೇಪರು ಓದುತ್ತಾ ಕೂರುತ್ತಾರೆ. ಹೋದ ತಿಂಗಳು ಚಿಕ್ಕಪ್ಪನನ್ನ ಕರೆದುಕೊಂಡು ಹೋದೆ. ಕುಡಿದಿರಲಿಲ್ಲ, ಅದೇ ದೊಡ್ಡದು. ನಂಬರು ಒತ್ತಿ ಫೋನು ಕೈಗೆ ಕೊಟ್ಟೆ. ಆ ಕಡೆಯಿಂದ ‘ಹೇಳಿ ಸರ್’ ಅಂತ ಬಂತು. ಚಿಕ್ಕಪ್ಪ ಹಿಂದೆ ತಿರುಗಿ ನೋಡಿದ, ಯಾರನ್ನ ಸರ್ ಅಂತಿದ್ದಾರೆ ಅಂತ. ಐವತ್ತೆರಡು ವರ್ಷದಲ್ಲಿ ಅವನನ್ನ ಯಾರೂ ಹಾಗೆ ಕರೆದಿರಲಿಲ್ಲ. ಐದು ನಿಮಿಷ ಮಾತಾಡಿದ. ‘ನಿದ್ದೆ ಬರಲ್ಲ, ಅಷ್ಟೇಯ’ ಅಂದ. ಆ ಕಡೆಯವರು ಊರಿನ ಹೆಸರು ಕೇಳಿದ್ದೇ ತಡ ಫೋನು ಇಟ್ಟುಬಿಟ್ಟ.

‘ಯಾಕ್ ಚಿಕ್ಕಪ್ಪ ಇಟ್ಬುಟ್ಟೆ?’

‘ಊರ್ ಹೆಸ್ರು ಯಾಕ್ಲಾ ಅವ್ರಿಗೆ? ಅವ್ರಿಗ್ ಹೇಳ್ಬುಟ್ರೆ?’

ಕೊನೆಯಲ್ಲಿ ಅವನು ಹೇಳಿದ ‘ಅವ್ರು’ ಯಾರು ಅಂತ ನಾನು ಕೇಳಲಿಲ್ಲ. ಊರು ಹೇಳಲೇಬೇಕು ಅಂತಿಲ್ಲ, ತಾಲ್ಲೂಕು ಹೇಳಿದರೂ ನಡೆಯುತ್ತದೆ, ಹೇಳದೆಯೂ ಮಾತಾಡಬಹುದು ಅಂತ ದಾರಿಯುದ್ದಕ್ಕೂ ಹೇಳಿದೆ. ಗೊಬ್ಬರದ ಅಂಗಡಿ ತಪ್ಪಿಸಿ ಗದ್ದೆ ಬದುವಿನ ಮೇಲೇ ಮನೆಗೆ ಬಂದೆವು. ಎರಡು ವಾರ ಅವನು ಆ ಸುದ್ದಿ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಈ ಭಾನುವಾರ ನಾನು ಹಲ್ಲುಜ್ಜುತ್ತಾ ಹಿತ್ತಲಲ್ಲಿ ನಿಂತಿದ್ದೆ. ಚಿಕ್ಕಪ್ಪ ತೊಳೆದ ಅಂಗಿ ಹಾಕಿಕೊಂಡು ಬಂದು ಬೇಲಿ ಹತ್ತಿರ ನಿಂತುಕೊಂಡ.

‘ಮೇಷ್ಟ್ರು ಬೀಗದಕೈ ಕೊಟ್ಟವ್ರಾ?’ ಅಂದ.